ಮೋಕ್ಷದ ಹಾಡು ಸ್ಟಾಕಿಲ್ಲ

ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದ ಸಿದ್ದಲಿಂಗಪ್ಪ ಕೂತಲ್ಲಿ ಕೂಡುವ ಮನುಷ್ಯನಲ್ಲ. ಕೂತರೆ ತೊಡೆ ಅಲುಗುತ್ತಿತ್ತು, ನಿಂತರೆ ಬೆರಳು ಕುಣಿಯುತ್ತಿದ್ದವು, ಊಟಕ್ಕೆ ಕರೆದರೆ ರೊಟ್ಟಿ ಮುರಿಯುವ ಮೊದಲು ತಾಟಿನ ಅಂಚಿಗೆ ಒಂದು ಠೇಕಾ ಬಿದ್ದೇ ಬೀಳಬೇಕು. ಇದಕ್ಕೆಲ್ಲ ಕಾರಣ ಅವನ ಗಲ್ಲಾಪೆಟ್ಟಿಗೆಯ ಹಿಂದೆ ಮುಂಜಾನೆಯಿಂದ ಸಂಜೆಯ ತನಕ ಒದರುತ್ತಿದ್ದ ಟೇಪ್ ರೆಕಾರ್ಡರು. ಬದನೆ ಬೀಜ ಕೇಳಿದವನಿಗೂ ಗೋವಿನಜೋಳ ಕೇಳಿದವನಿಗೂ ಅವನು ಸಿನಿಮಾ ಹಾಡಿನ ಲಯದಲ್ಲೇ ಉತ್ತರ ಕೊಡುತ್ತಿದ್ದ.

ಮೊಬೈಲು ಫೋನು ಊರಿನ ಅರ್ಧ ಮಂದಿಯ ಅಂಗಿ ಕಿಸೆಗೆ ಆಗಷ್ಟೇ ಬಂದು ಕೂತಿದ್ದ ಕಾಲ ಅದು. ಉಳಿದ ಅರ್ಧ ಮಂದಿ ಅವರ ಮಾತು ಕೇಳುತ್ತಿದ್ದರು. ಮೊಬೈಲಿನಲ್ಲಿ ಮೆಲ್ಲಗೆ ಮಾತಾಡಿದರೂ ಆ ಕಡೆಯವರಿಗೆ ಕೇಳಿಸುತ್ತದೆಂಬ ನಂಬಿಕೆ ಇನ್ನೂ ಹುಟ್ಟಿರಲಿಲ್ಲ.

ಸಿದ್ದಲಿಂಗಪ್ಪನ ಮಗಳು ಸುಧಾರಾಣಿಗೆ ಬ್ಯಾಡಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರವೀಣಕುಮಾರ. ಅವನ ತಂದೆ ರುದ್ರಮುನಿಯವರು ಮೆಣಸಿನಕಾಯಿ ದಲಾಲಿ ಅಂಗಡಿಯವರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಯಾಗಿತ್ತು, ಒಪ್ಪಿಯಾಗಿತ್ತು. ಮಾತು ಪಕ್ಕಾ ಆಗುವುದಷ್ಟೇ ಬಾಕಿ. ಆದರೆ ರುದ್ರಮುನಿಯವರದು ಒಂದು ಪದ್ಧತಿ. ಮೆಣಸಿನಕಾಯಿ ಚೀಲವನ್ನು ಬಾಯಿ ಬಿಚ್ಚಿ ನೋಡಿದರೆ ಸಾಲದು, ತಳಕ್ಕೆ ಕೈಹಾಕಿ ನೋಡಬೇಕು ಎನ್ನುವವರು ಅವರು. ಬೀಗತನಕ್ಕೂ ಅದೇ ನಿಯಮ ಹಚ್ಚಿ, ಮಾರ್ಚ್ ತಿಂಗಳ ಒಂದು ಸೋಮವಾರ ಹೇಳದೆ ಕೇಳದೆ ರಾಣೆಬೆನ್ನೂರಿಗೆ ಬಂದು, ಸೀದಾ ಬೀಜದ ಅಂಗಡಿಯ ಮೆಟ್ಟಿಲು ಹತ್ತಿದರು.

ಟೇಪ್ ರೆಕಾರ್ಡರಿನಲ್ಲಿ ಆಗ ಹುಡುಗಿಯೊಬ್ಬಳು ಹುಡುಗನನ್ನು ಸಂಜೆ ಹೊತ್ತು ಬಾಳೆಯ ತೋಟಕ್ಕೆ ಕರೆಯುತ್ತಿದ್ದಳು. ಯಾಕೆಂದು ಹಾಡಿನಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಡುನಡುವೆ ಅವಳು ತೆಗೆಯುತ್ತಿದ್ದ ಉಸಿರು ಕೇಳಿದರೆ, ತೋಟಕ್ಕೆ ನೀರು ಹಾಯಿಸಲು ಅಲ್ಲವೆಂಬುದು ಎಂಥವನಿಗೂ ತಿಳಿಯುತ್ತಿತ್ತು.

ಸಿದ್ದಲಿಂಗಪ್ಪ ಬೀಗರನ್ನು ನೋಡಿದವನೇ ಗಾಬರಿಯಲ್ಲಿ ಬಂದ್ ಮಾಡುವ ಬಟನ್ನಿನ ಬದಲು ದನಿಯ ಬಟನ್ನು ತಿರುವಿದ. ಹುಡುಗಿಯ ಉಸಿರು ಸ್ಟೇಷನ್ನಿನ ತನಕ ಹೋಯಿತು.

"ಏನ್ರೀ ಇದು?" ಎಂದರು ರುದ್ರಮುನಿಯವರು.

"ಇದು... ಇದು ಕಾಮ ರೀ."

ರುದ್ರಮುನಿಯವರ ಹಣೆಯ ವಿಭೂತಿ ಬಿರುಕುಬಿಟ್ಟಿತು.

"ಅಲ್ಲರೀ, ಅಂದ್ರ... ಮೂರನೇ ಪುರುಷಾರ್ಥ ರೀ! ಧರ್ಮ, ಅರ್ಥ, ಕಾಮ, ಮೋಕ್ಷ ಅಂತಾರಲ್ಲ, ಅದರಾಗಿನ ಕಾಮ. ನಾ ಈ ಸಿನಿಮಾ ಹಾಡಿನ್ಯಾಗ ನಾಕು ಪುರುಷಾರ್ಥ ಎಲ್ಲೆಲ್ಲಿ ಅದಾವು ಅಂತ ಅಭ್ಯಾಸ ಮಾಡಾಕತ್ತೇನ್ರಿ. ಇವತ್ತ ಬರೋಬ್ಬರಿ ಮೂರನೇದಕ್ಕ ಬಂದೇನಿ."

ಈ ಮಾತು ತನ್ನ ಯಾವ ಮೂಲೆಯಿಂದ ಬಂತೆಂದು ಸಿದ್ದಲಿಂಗಪ್ಪನಿಗೇ ತಿಳಿಯಲಿಲ್ಲ. ಸಾಲಿಯಲ್ಲಿ ಬೆತ್ತದ ಭಯಕ್ಕೆ ಬಾಯಿಪಾಠ ಮಾಡಿದ್ದು ಇಷ್ಟು ವರ್ಷ ಹೊಟ್ಟೆಯಲ್ಲಿ ಮಲಗಿತ್ತು. ಮಗಳ ಲಗ್ನ ಮುರಿಯುವ ಭಯಕ್ಕೆ ಎದ್ದು ಹೊರಗೆ ಬಂತು.

ರುದ್ರಮುನಿಯವರು ಹೊಟ್ಟಿನ ಚೀಲದ ಮೇಲೆ ನಿಧಾನವಾಗಿ ಕುಳಿತರು. "ಸಿನಿಮಾ ಹಾಡಿನ್ಯಾಗ ಮೋಕ್ಷಾನೂ ಐತೇನು?"

"ಭರ್ಜರಿ ಐತ್ರಿ!"

"ನೋಡ್ರಿ ಬೀಗರಽ," ಎಂದರು ರುದ್ರಮುನಿಯವರು. ಬೀಗರೇ ಎಂದು ಅವರು ಬಾಯಿತುಂಬ ಕರೆದದ್ದು ಅದೇ ಮೊದಲು. "ಹಾವೇರ್ಯಾಗ ನಮ್ಮದೊಂದು ಚಿಂತನ ಬಳಗ ಐತಿ. ಅದಕ್ಕ ನಾನಽ ಅಧ್ಯಕ್ಷ. ಬರೂ ರವಿವಾರ ಉಪನ್ಯಾಸ ಮಾಡೋರು ಕೈ ಕೊಟ್ಟಾರ. ನೀವು ಬರ್ರಿ. ನಾಕು ಪುರುಷಾರ್ಥಕ್ಕ ನಾಕು ಹಾಡು ಕೇಳಿಸ್ರಿ, ವಿವರಣಾ ಹೇಳ್ರಿ. ಬೀಗರು ಮಂದ್ಯಾಗ ನಿಂತು ಮಾತಾಡೋ ಮನುಷ್ಯಾರು ಅಂದ್ರ ನನಗೂ ಒಂದು ಮಾನ. ಅದು ಮುಗೀತಂದ್ರ ಅಲ್ಲೇ ಲಗ್ನದ ಮಾತೂ ಮುಗಿಸೂಣು."

ಅದು ಮುಗಿಯದಿದ್ದರೆ ಏನಾಗುತ್ತದೆಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೆಲವು ಮಾತು ಹೇಳದೆ ಇದ್ದಾಗಲೇ ಜೋರಾಗಿ ಕೇಳಿಸುತ್ತವೆ.

ಮನೆಯಲ್ಲಿ ಈ ಸುದ್ದಿಯನ್ನು ರವಿವಾರ ಮುಂಜಾನೆಯ ತನಕ ಬಿಚ್ಚಬಾರದೆಂದು ಸಿದ್ದಲಿಂಗಪ್ಪ ನಿರ್ಧಾರ ಮಾಡಿದ. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ವರ್ತಕರ ಸಂಘದಲ್ಲಿ ವಂದನಾರ್ಪಣೆಗೆಂದು ಎದ್ದು, ತೀರಿಹೋದ ಹಳೆಯ ಅಧ್ಯಕ್ಷರ ಹೆಸರು ಹೇಳಿ, 'ಅವರು ಹೀಗೇ ಮುಂದುವರಿಯಲಿ' ಎಂದು ಹಾರೈಸಿ ಬಂದಿದ್ದ. ಅಂದಿನಿಂದ ಗಂಡನ ಬಾಯಲ್ಲಿ ಭಾಷಣವೆಂಬ ಶಬ್ದ ಬಂದರೆ ಸಾಕು, ಸುಶೀಲವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡುತ್ತಿದ್ದಳು.

ಬೀಗರ ಜೀಪು ಮರೆಯಾಗುವುದೇ ತಡ, ಸಿದ್ದಲಿಂಗಪ್ಪ ಪಕ್ಕದ ಕ್ಯಾಸೆಟ್ ಅಂಗಡಿಗೆ ಜಿಗಿದ. ಅಂಗಡಿಯ ಫಕ್ಕೀರಸಾಬ ಅವನ ಹಳೆಯ ಗೆಳೆಯ. ಇಡೀ ತಾಲೂಕಿನ ಲಗ್ನ, ಗಣಪತಿ, ಉರುಸು, ಎಲೆಕ್ಷನ್ನು ಎಲ್ಲಕ್ಕೂ ಹಾಡು ಪೂರೈಸಿದ ಅನುಭವಿ.

"ಫಕ್ಕೀರಣ್ಣಾ, ನಾಕು ಹಾಡು ಬೇಕು."

"ನಾಕು ಸಾವಿರ ತಗೋ."

ವಿಷಯ ಕೇಳಿದ ಮೇಲೆ ಫಕ್ಕೀರಸಾಬ ಗಂಭೀರನಾದ. ಧರ್ಮ ತಟ್ಟನೆ ಸಿಕ್ಕಿತು. ಮಗನೊಬ್ಬ ತಾಯಿಯ ಪಾದ ತೊಳೆಯುತ್ತ ಅಳುವ ಹಾಡು. ಅರ್ಥವೂ ಸಿಕ್ಕಿತು. ದಿವಾಳಿ ಎದ್ದ ನಾಯಕ ಕುಡಿದು, ರೊಕ್ಕವೇ ರಾಜ, ರೊಕ್ಕವೇ ಮಂತ್ರಿ ಎಂದು ತೊದಲುವ ಹಾಡು. ಕಾಮ ಎಂದೊಡನೆ ಫಕ್ಕೀರಸಾಬ ಗೋಡೆಯ ಉದ್ದಕ್ಕೂ ಕೈಚಾಚಿದ.

"ಈ ಗ್ವಾಡಿ ಪೂರಾ ಅದಽ. ಆ ಗ್ವಾಡೀನೂ ಅದಽ. ಅಟ್ಟದ ಮ್ಯಾಲಿಂದು ಮಾತ್ರ ಬ್ಯಾಡ, ಮಗಳ ಲಗ್ನದ ಮಾತು."

"ಮೋಕ್ಷ?"

ಫಕ್ಕೀರಸಾಬ ಮೇಲೆ ನೋಡಿದ, ಕೆಳಗೆ ನೋಡಿದ, ಕಪಾಟಿನ ಹಿಂದೆ ಬಗ್ಗಿ ನೋಡಿದ. "ಮೋಕ್ಷ ಸ್ಟಾಕಿಲ್ಲ, ಸಿದ್ದಣ್ಣ."

"ಹಂಗಂದ್ರ ಹೆಂಗ?"

"ಭಜನಿ ಕೊಡಲೇನು?"

"ಅದು ಸಿನಿಮಾದ್ದಲ್ಲ. ಬೀಗರು ತಳಕ್ಕ ಕೈ ಹಾಕಿ ನೋಡೋರು, ಹಿಡೀತಾರ."

"ಹಂಗಾರ ಇದು ಕೇಳು. ನಾಯಕ ಸಾಯ್ತಾನ."

ಕೇಳಿದರು. ಎದೆಗೆ ಗುಂಡು ಬಿದ್ದ ನಾಯಕ ಪಲ್ಲವಿ ಹಾಡಿದ, ಚರಣಗಳನ್ನೆಲ್ಲ ಹಾಡಿದ, ನಡುವೆ ನಾಯಕಿಗೆ ಅಳಲು ಪುರಸೊತ್ತು ಕೊಟ್ಟು ಮತ್ತೆ ಎತ್ತಿಕೊಂಡ. ಸಿದ್ದಲಿಂಗಪ್ಪನ ಮುಖ ಅರಳುತ್ತ ಬಂದು ಕಡೆಯ ಸಾಲಿಗೆ ಬಾಡಿತು. "ಮುಂದಿನ ಜನ್ಮಕ್ಕ ಮತ್ತ ನಿನ್ನ ಕೈ ಹಿಡೀತೇನಿ ಅಂತಾನಲ್ಲೋ! ಮರುಜನ್ಮ ಕೇಳವ್ಗ ಎಲ್ಲಿ ಮೋಕ್ಷ? ರದ್ದು."

ಇನ್ನೊಂದು ಹಚ್ಚಿದರು. ಆ ನಾಯಕ ಏಳು ಜನ್ಮ ಕೇಳಿದ. ಮತ್ತೊಬ್ಬ ನಕ್ಷತ್ರವಾಗಿ ಬಂದು ಕಿಟಕಿಯಲ್ಲಿ ಇಣುಕುತ್ತೇನೆಂದ. ಸಾಯುವ ನಾಯಕರೆಲ್ಲ ಒಬ್ಬರ ಹಿಂದೊಬ್ಬರು ತಿರುಗಿ ಬರುವ ಟಿಕೆಟ್ಟು ತೆಗೆಸಿಕೊಂಡೇ ಸಾಯುತ್ತಿದ್ದರು. 'ಸಾಕಪ್ಪಾ, ಇನ್ನ ಬರೂದಿಲ್ಲ' ಎನ್ನುವ ಗಂಡಸು ಇಡೀ ಚಿತ್ರರಂಗದಲ್ಲಿ ಸಿಗಲಿಲ್ಲ.

ಮುಂದಿನ ದಿನಗಳಲ್ಲಿ ಸಿದ್ದಲಿಂಗಪ್ಪನ ಚಡಪಡಿಕೆ ಊರಿಗೇ ಕಾಣುವಂತಾಯಿತು. ಅಂಗಡಿಯಲ್ಲಿ ಬರೀ ಸಾಯುವ ಹಾಡು. ಗಿರಾಕಿಗಳು ಚಪ್ಪಲಿ ಕಳಚಿ, ತಲೆ ತಗ್ಗಿಸಿ ಒಳಗೆ ಬರತೊಡಗಿದರು. ಸೌತೆ ಬೀಜ ಕೇಳಿದ ರೈತನಿಗೆ ಹಾಗಲ ಕೊಟ್ಟ. ಆತ ತಿರುಗಿ ತಂದರೆ, "ಎಲ್ಲಾ ಮಣ್ಣಿಗೇ ಹೋಗೂದಲ್ಲೇನೋ" ಎಂದ. ಮನೆಯಲ್ಲಿ ಬಚ್ಚಲಿನಿಂದ ನೀರು ಸುರಿಯುವ ಸಪ್ಪಳದ ಜೊತೆ ಅಗಲಿಕೆಯ ಪಲ್ಲವಿಗಳು ಬರತೊಡಗಿದವು. ಪಕ್ಕದ ಮನೆಯ ಜಯವ್ವ ಒಂದು ದಿನ ಗೋಡೆಯ ಮೇಲಿಂದ ತಲೆಹಾಕಿ, "ಅಕ್ಕಾ, ಮಾವಾರಿಗೆ ಆರಾಮ ಇಲ್ಲೇನು?" ಎಂದು ಕೇಳಿಯೂಬಿಟ್ಟಳು.

ಶುಕ್ರವಾರ ಸಂಜೆ ಫಕ್ಕೀರಸಾಬನಿಂದ ಮೊಬೈಲಿಗೆ ಫೋನು ಬಂತು. ಗಳಗನಾಥದಲ್ಲಿ ಅಜ್ಜಪ್ಪ ಎಂಬ ಮುದುಕನಿದ್ದಾನಂತೆ. ಹಿಂದೆ ನಾಟಕ ಕಂಪನಿಯಲ್ಲಿದ್ದವನು. ಒಂದು ಸಿನಿಮಾಕ್ಕೂ ಹಾಡಿದ್ದನಂತೆ. ಸಿನಿಮಾ ಬಿಡುಗಡೆಯಾಗಲಿಲ್ಲ, ಆದರೆ ಅದರಲ್ಲೊಂದು ಮೋಕ್ಷದ ಹಾಡಿತ್ತಂತೆ, ಮುದುಕನಿಗೆ ಈಗಲೂ ಬಾಯಲ್ಲಿದೆಯಂತೆ.

ಸಿದ್ದಲಿಂಗಪ್ಪ ಹಿತ್ತಲಿಗೆ ಬಂದು, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಒದರಿದ. ಗೋಡೆಯ ಆಚೆ ಜಯವ್ವ ಒಣಗಿದ ಮೆಣಸಿನಕಾಯಿ ರಾಶಿ ಮಾಡುತ್ತಿದ್ದಳು.

"ಹೌದು ಫಕ್ಕೀರಣ್ಣಾ! ಧರ್ಮ ಮುಗೀತು! ಅರ್ಥ ಮುಗೀತು! ಕಾಮಂತೂ ಸಾಕಾಗಿ ಹೋಗೇತಿ! ಇನ್ನ ಉಳಿದದ್ದು ಮೋಕ್ಷ ಒಂದಽ!... ಹೂಂ, ಗಳಗನಾಥ! ಹೊಳ್ಯಾಗ ಸಿಗತೈತಿ ಅಂದಿ?... ನಾಳೆ ಮುಂಜಾನೆ ಹೋಗೇಬಿಡ್ತೇನಿ!... ಇಲ್ಲ, ಮನ್ಯಾಗ ಯಾರಿಗೂ ಹೇಳಿಲ್ಲ, ಸುಮ್ಮನ ಗದ್ದಲ ಮಾಡ್ತಾರ!"

ಹೊಳೆಯಲ್ಲಿ ಸಿಗುವವನು ಅಜ್ಜಪ್ಪ. ಬಿಸಿಲು ಏರಿತೆಂದರೆ ಮುದುಕ ನೀರಿಗಿಳಿದು ಕೂಡುತ್ತಿದ್ದ. ಆದರೆ ಅಜ್ಜಪ್ಪನ ಹೆಸರು ಫೋನಿನ ಆ ಕಡೆಯಲ್ಲಿ ಉಳಿಯಿತು. ಗೋಡೆ ದಾಟಿ ಹೋದದ್ದು ಹೊಳೆ ಮತ್ತು ಮೋಕ್ಷ ಎರಡೇ. ಜಯವ್ವ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮುಂದೆ ಬಂದ ಕಣ್ಣೀರು ಖಾರದ್ದೋ ದುಃಖದ್ದೋ, ಸುಶೀಲವ್ವನ ಮುಂದೆ ಅವಳು ನಿಂತಾಗ ಎರಡೂ ಕೂಡಿಕೊಂಡು ಧಾರಾಕಾರವಾಗಿ ಹರಿಯುತ್ತಿದ್ದವು.

ಆ ರಾತ್ರಿ ಸಿದ್ದಲಿಂಗಪ್ಪನ ತಾಟಿನಲ್ಲಿ ಹೋಳಿಗೆ ಬಿತ್ತು. ತುಪ್ಪ ಬಿತ್ತು. ಸುಶೀಲವ್ವ ಗೋಡೆಗೆ ಒರಗಿ ನಿಂತು, "ನಿಮ್ಮ ಮನಸ್ಸಿನ್ಯಾಗ ಏನೈತಿ ಅಂತ ನನಗ ಗೊತ್ತಾತು" ಎಂದಳು.

"ಗೊತ್ತಾತೇನು? ಯಾರ ಹೇಳಿದ್ರು?"

"ಜಯವ್ವ."

ಸಿದ್ದಲಿಂಗಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೆಂಡತಿ ನಗುತ್ತಿಲ್ಲ! "ಛಲೋ ಆತು ಬಿಡು. ರವಿವಾರಕ್ಕ ಎಲ್ಲಾ ಮುಗೀತೈತಿ. ನೀನೂ ಬಾ, ಮುಂದಿನ ಸಾಲಿನ್ಯಾಗ ಕುಂಡ್ರು. ಹಾರ ಹಾಕ್ತಾರ, ಶಾಲು ಹೊಚ್ಚತಾರ, ನನ್ನ ಬಗ್ಗೆ ನಾಕು ಛಲೋ ಮಾತು ಆಡ್ತಾರ. ಕಡೀಕ ಬಂದೋರಿಗೆಲ್ಲಾ ಉಪ್ಪಿಟ್ಟು."

"ಉಪ್ಪಿಟ್ಟು!" ಎಂದಳು ಸುಶೀಲವ್ವ, ಹಂಚು ಬಡಿದಂಥ ದನಿಯಲ್ಲಿ.

"ಬೀಗರಽ ಎಲ್ಲಾ ವ್ಯವಸ್ಥಾ ಮಾಡ್ಯಾರ."

"ಬೀಗರಿಗೂ ಗೊತ್ತೈತಿ?"

"ಅವರಽ ಹೇಳಿದ್ದು! ಇದು ಮುಗೀತಂದ್ರ ಮಗಳ ಲಗ್ನ ಅಂದ್ರು."

ಸುಶೀಲವ್ವ ದೇವರ ಮನೆ ಹೊಕ್ಕು ಬಾಗಿಲು ಹಾಕಿಕೊಂಡಳು. ನನ್ನ ಯಶಸ್ಸಿಗೆ ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸಿದ್ದಲಿಂಗಪ್ಪ ಇನ್ನೊಂದು ಹೋಳಿಗೆ ತಾನೇ ಬಡಿಸಿಕೊಂಡ.

ಮರುದಿನ ಮುಂಜಾನೆ ಅವನ ಚಪ್ಪಲಿ ಸಿಗಲಿಲ್ಲ. ಗಂಡ ಹೊರಗೆ ಕಾಲಿಡಬಾರದೆಂದು ಸುಶೀಲವ್ವನೇ ಅವನ್ನು ಜೋಳದ ಚೀಲದಲ್ಲಿ ಹುಗಿದಿದ್ದಳು. ಗಳಗನಾಥದ ದಾರಿಯ ಗುತ್ತಲದ ಬಸ್ಸಿಗೆ ಹೊತ್ತಾಗಿತ್ತು. ಫಕ್ಕೀರಸಾಬ ಕೊಟ್ಟಿದ್ದ ಸಣ್ಣ ಟೇಪ್ ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು ಸಿದ್ದಲಿಂಗಪ್ಪ ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲೇ ಓಡಿದ. ಸ್ನಾನ ಮುಗಿಸಿ ಬಂದ ಸುಶೀಲವ್ವನಿಗೆ ಜಯವ್ವ ವರದಿ ಕೊಟ್ಟಳು.

"ಹೋದ್ರಲ್ಲೇ ಅಕ್ಕಾ! ಕಾಲಾಗ ಚಪ್ಪಲೀನೂ ಇಲ್ಲ! ಎಲ್ಲಾ ಬಿಟ್ಟಾರ!"

ತಾನೇ ಬಚ್ಚಿಟ್ಟಿದ್ದೆಂಬುದು ಸುಶೀಲವ್ವನಿಗೆ ಆ ಘಳಿಗೆಗೆ ನೆನಪಿಗೆ ಬರಲಿಲ್ಲ. ದುಃಖಕ್ಕೆ ಅಷ್ಟು ಬಿಡುವು ಇರುವುದಿಲ್ಲ. ಮಗಳ ಕೈ ಹಿಡಿದುಕೊಂಡು ಕ್ಯಾಸೆಟ್ ಅಂಗಡಿಗೆ ಓಡಿದಳು.

"ಫಕ್ಕೀರಣ್ಣಾ, ಇವರು ಎಲ್ಲಿ ಹೋಗ್ಯಾರ?"

"ಗಳಗನಾಥಕ್ಕ, ಅಕ್ಕಾರ. ನಾನಽ ಕಳಿಸೇನಿ," ಎಂದ ಫಕ್ಕೀರಸಾಬ ಹೆಮ್ಮೆಯಿಂದ. "ಊರೆಲ್ಲಾ ಹುಡುಕಿದ್ರೂ ಮೋಕ್ಷ ಸಿಗಲಿಲ್ಲ. ಅಲ್ಲೇ ಹೊಳ್ಯಾಗ ಸಿಗತೈತಿ, ಹೋಗಿಬಿಡು ಅಂತ ನಾನಽ ದಾರಿ ತೋರಿಸಿದೆ."

ಸುಶೀಲವ್ವನ ಕೈಯಲ್ಲಿದ್ದ ಚೀಲ ಅವನ ಬೆನ್ನ ಮೇಲೆ ಬಿತ್ತು. ಚೀಲದಲ್ಲಿ ತೆಂಗಿನಕಾಯಿ ಇತ್ತು. "ಇಷ್ಟು ವರ್ಷದ ಗೆಳೆತನಕ್ಕ ಹೊಳಿ ದಾರಿ ತೋರಿಸಿದಿ ಏನಪಾ!" ಎಂದು ಅವಳು ಅಳುತ್ತಿದ್ದರೆ, ಹಾಡು ಹುಡುಕಿಕೊಟ್ಟದ್ದಕ್ಕೆ ಹೀಗೆ ಹೊಡೆಯುವ ಪದ್ಧತಿ ಯಾವ ಧರ್ಮದಲ್ಲಿದೆಯೆಂದು ಫಕ್ಕೀರಸಾಬ ಬೆನ್ನು ತಿಕ್ಕಿಕೊಳ್ಳುತ್ತ ಯೋಚಿಸಿದ. ವಿವರ ಹೇಳಲು ಅವನು ಬಾಯಿ ತೆಗೆದಾಗಲೆಲ್ಲ ಚೀಲ ಮೇಲೇಳುತ್ತಿತ್ತು. ಕಡೆಗೆ ಅವನು ಬಾಯಿ ಮುಚ್ಚಿಕೊಂಡು ತನ್ನ ಟ್ರ್ಯಾಕ್ಸ್ ಗಾಡಿಯ ಚಾವಿ ತೆಗೆದುಕೊಂಡ.

ಇತ್ತ ಜಯವ್ವ ಸುಮ್ಮನೆ ಕೂತಿರಲಿಲ್ಲ. ಬ್ಯಾಡಗಿಗೆ ಫೋನು ಮಾಡಿ ರುದ್ರಮುನಿಯವರಿಗೇ ಸುದ್ದಿ ಮುಟ್ಟಿಸಿದಳು: "ನಿಮ್ಮ ಬೀಗರು ಮೋಕ್ಷಕ್ಕಂತ ಗಳಗನಾಥದ ಹೊಳಿಗೆ ಹೋಗ್ಯಾರ್ರಿ. ನೀವಽ ಹೇಳಿದ್ರಂತ!"

ರುದ್ರಮುನಿಯವರು ಮೆಣಸಿನಕಾಯಿ ಚೀಲದಲ್ಲಿ ಹಾಕಿದ್ದ ಕೈಯನ್ನು ಹೊರಗೆ ತೆಗೆಯುವುದನ್ನೇ ಮರೆತರು. ಉಪನ್ಯಾಸಕ್ಕೆ ತಯಾರಿ ಬೇಕು ನಿಜ. ಆದರೆ ಪ್ರಾತ್ಯಕ್ಷಿಕೆ ಯಾರು ಕೇಳಿದ್ದರು? ನಾಳೆ ಹಾವೇರಿಯ ಮಂದಿ, 'ರುದ್ರಮುನಿಯವರ ಮಾತಿಗೆ ಒಬ್ಬ ಹೆಣ್ಣಿನ ತಂದೆ ಹೊಳೆ ಹಾರಿದ' ಎಂದರೆ ಗತಿಯೇನು? ಮಗ ಪ್ರವೀಣಕುಮಾರನನ್ನು ಎಳೆದುಕೊಂಡು ಜೀಪು ಹತ್ತಿದರು. ಎರಡೂ ಗಾಡಿಗಳು ಗುತ್ತಲದ ಹತ್ತಿರ ಕೂಡಿದವು, ಒಂದರ ಧೂಳು ಒಂದು ಕುಡಿಯುತ್ತ ಗಳಗನಾಥದ ಕಡೆಗೆ ಹಾರಿದವು.

ಸಿದ್ದಲಿಂಗಪ್ಪ ಅಷ್ಟೊತ್ತಿಗೆ ತುಂಗಭದ್ರೆಯ ದಂಡೆಯಲ್ಲಿ ನಿಂತಿದ್ದ. ಅಜ್ಜಪ್ಪ ಎದೆಮಟ್ಟ ನೀರಿನಲ್ಲಿ, ಎಮ್ಮೆಯ ಸಮಾಧಾನದಲ್ಲಿ ಕೂತಿದ್ದ.

"ಅಜ್ಜಾ, ಮೋಕ್ಷದ ಹಾಡು ಬೇಕಾಗಿತ್ರಿ!"

"ಆಂ? ಕೇಳಸೂದಿಲ್ಲ. ಒಳಗ ಬಾ!"

ಸಿದ್ದಲಿಂಗಪ್ಪ ಮೊಣಕಾಲ ತನಕ ಇಳಿದ. "ಮೋಕ್ಷದ ಹಾಡು!"

"ಇನ್ನೂ ಸಮೀಪ ಬಾರೋ. ನೀರಿನ್ಯಾಗ ಕುಂತರಽ ನನ್ನ ಗಂಟಲ ಹಸಿ ಆಗೂದು, ದನಿ ಬರೂದು."

ಬೇಸಿಗೆಯ ಹೊಳೆ, ಹೆಚ್ಚು ಆಳವಿರಲಿಲ್ಲ. ಸಿದ್ದಲಿಂಗಪ್ಪ ಟೇಪ್ ರೆಕಾರ್ಡರು ತೋಯದಂತೆ ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿಕೊಂಡು ಮುದುಕನ ಪಕ್ಕಕ್ಕೆ ಹೋಗಿ ಕುಕ್ಕರಿಸಿದ. ನೀರು ಕುತ್ತಿಗೆಗೆ ಬಂತು. ಹಾಡು ಕೇಳುವವರು ಸಿಕ್ಕಿದ್ದೇ ಅಜ್ಜಪ್ಪನಿಗೆ ದೊಡ್ಡ ಹಬ್ಬವಾಗಿತ್ತು. ಕಣ್ಣು ಮುಚ್ಚಿ, ದನಿ ಎತ್ತಿ, ಎರಡೂ ದಂಡೆಗೆ ಕೇಳುವಂತೆ ಹಿಡಿದ:

"ಬಾ ಮೋಕ್ಷಾ ಬಾ, ತಡವ್ಯಾಕ ಬಾ! ನಿನ್ನ ಬಿಟ್ಟು ಬದುಕಲಾರೆ, ಬಾ ಮೋಕ್ಷಾ ಬಾ!"

ಸಿದ್ದಲಿಂಗಪ್ಪನ ಕಣ್ಣು ತುಂಬಿ ಬಂದವು. ಸಿಕ್ಕಿತು! ಮರುಜನ್ಮದ ಮಾತಿಲ್ಲ, ನಕ್ಷತ್ರದ ಮಾತಿಲ್ಲ. ಅಷ್ಟರಲ್ಲಿ ಎರಡನೆಯ ಸಾಲು ಬಂತು:

"ನಿನ್ನ ಗಲ್ಲದ ಕುಳಿಯೊಳಗ ನಾ ಬಿದ್ದು ಹೋದೇನ!"

"ಅಜ್ಜಾ, ನಿಲ್ಲಸ್ರಿ. ಮೋಕ್ಷಕ್ಕ ಗಲ್ಲ ಎಲ್ಲಿಂದ ಬಂತು?"

"ಮೋಕ್ಷಾ ಅಂದ್ರ ನಾಯಕಿ ಹೆಸರಲೋ ತಮ್ಮಾ!" ಎಂದು ಅಜ್ಜಪ್ಪ ಕಣ್ಣು ಮಿಟುಕಿಸಿದ. "ಮೋಕ್ಷಾದೇವಿ ಅಂತ. ಏನು ಹುಡುಗಿ ಅಂತಿ! ಸಿನಿಮಾ ನಿಂತದ್ದು ಆಕಿ ಓಡಿ ಹೋಗಿದ್ದಕ್ಕಽ."

"ಮತ್ತ ಖರೇ ಮೋಕ್ಷದ್ದು ಒಂದೂ ಬರೂದಿಲ್ಲೇನ್ರಿ?"

"ಅದನ್ನ ಇನ್ನೂ ಕಲ್ತಿಲ್ಲಪಾ. ನನಗೀಗಿನ್ನೂ ಎಂಬತ್ತು," ಎಂದು ಹೇಳಿ ಅಜ್ಜಪ್ಪ ಮತ್ತೆ ಪಲ್ಲವಿಗೆ ಹೋದ.

ಆ ಪಲ್ಲವಿಯ ಹೊತ್ತಿಗೇ ಎರಡು ಗಾಡಿಗಳು ದಂಡೆಗೆ ಬಂದು ನಿಂತವು. ಇಳಿದವರಿಗೆ ಕಂಡದ್ದು ಇಷ್ಟು: ಕುತ್ತಿಗೆಮಟ್ಟ ನೀರು, ಆಕಾಶಕ್ಕೆ ಎತ್ತಿದ ಎರಡು ಕೈ, ಜೋಲುಬಿದ್ದ ಮುಖ, ಮತ್ತು ನೀರಿನ ಮೇಲೆ ತೇಲಿ ಬರುತ್ತಿದ್ದ 'ಬಾ ಮೋಕ್ಷಾ ಬಾ, ತಡವ್ಯಾಕ ಬಾ.'

"ಅಪ್ಪಾ!" ಎಂದು ಸುಧಾರಾಣಿ ಚೀರಿದಳು.

"ಬೀಗರಽ, ತಡೀರಿ! ಉಪನ್ಯಾಸ ಬ್ಯಾಡ! ಲಗ್ನ ಮಾಡೂಣು!" ಎಂದು ಒದರಿದ ರುದ್ರಮುನಿಯವರು, ಹೊದ್ದ ಶಾಲಿನ ಸಮೇತ ಹೊಳೆಗೆ ಹಾರಿದರು. ಅವರಿಗೆ ಈಜು ಬರುತ್ತಿರಲಿಲ್ಲ. ಅದು ನೆನಪಾದದ್ದು ಹಾರಿದ ಮೇಲೆ.

ಸಿದ್ದಲಿಂಗಪ್ಪ ಗಾಬರಿಬಿದ್ದು ಎದ್ದು ನಿಂತ. ನೀರು ಸೊಂಟಕ್ಕೆ ಬಂತು. ಬೀಗರು ಅದೇ ನೀರಿನಲ್ಲಿ ಕೈಕಾಲು ಬಡಿಯುತ್ತ ಮುಳುಗಿ ಏಳುವುದನ್ನು ನೋಡಿ, ಟೇಪ್ ರೆಕಾರ್ಡರು ಬಿಟ್ಟು ಅವರ ರಟ್ಟೆ ಹಿಡಿದ. ಇತ್ತ ಪ್ರವೀಣಕುಮಾರನೂ ಬಂದು ಇನ್ನೊಂದು ರಟ್ಟೆ ಹಿಡಿದ. ಇಬ್ಬರೂ ಕೂಡಿ ಚಿಂತನ ಬಳಗದ ಅಧ್ಯಕ್ಷರನ್ನು ದಂಡೆಗೆ ಎಳೆದು ಹಾಕಿದರು. ಅಜ್ಜಪ್ಪ ಮಾತ್ರ ಕಣ್ಣು ತೆರೆಯದೆ, ಗಲ್ಲದ ಕುಳಿಯ ಚರಣ ಮುಗಿಸಿಯೇ ನಿಲ್ಲಿಸಿದ.

ದಂಡೆಯ ಮೇಲೆ ಎಲ್ಲವೂ ಬಯಲಾಯಿತು. ಫಕ್ಕೀರಸಾಬನಿಗೆ ಕಡೆಗೂ ಬಾಯಿ ತೆಗೆಯಲು ಅವಕಾಶ ಸಿಕ್ಕಿ, ಅವನು ಮೊದಲಿನಿಂದ ಕಡೆಯ ತನಕ ಹೇಳಿದ. ಯಾರೂ ನಗಲಿಲ್ಲ. ಸುಶೀಲವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿ, ಮುಖ ತಿರುಗಿಸಿ ಹೋಗಿ ಟ್ರ್ಯಾಕ್ಸಿನಲ್ಲಿ ಕೂತಳು. ರುದ್ರಮುನಿಯವರು ಶಾಲು ಹಿಂಡುತ್ತ, ತಣ್ಣಗಿನ ದನಿಯಲ್ಲಿ ಹೇಳಿದರು:

"ಅಂದ್ರ ನಿಮ್ಮ ಅಭ್ಯಾಸ ಸೋಮವಾರದಿಂದ ಈಚಿಂದು."

ಸಿದ್ದಲಿಂಗಪ್ಪ ತೋಯ್ದ ಅಂಗಿಯ ತುದಿ ಹಿಂಡತೊಡಗಿದ.

"ಹಾವೇರಿ ತುಂಬ ಹೇಳೇನಿ. ರದ್ದು ಮಾಡಾಕ ಬರೂದಿಲ್ಲ. ನಾಳೆ ಬರ್ರಿ. ಮೋಕ್ಷ ನೀವಽ ನೋಡಿಕೋರಿ." ನೀರಿನಲ್ಲಿ ಒದರಿದ ಲಗ್ನದ ಮಾತನ್ನು ಅವರು ನೆಲದ ಮೇಲೆ ಎತ್ತಲಿಲ್ಲ. ಸುಧಾರಾಣಿ ಮತ್ತು ಪ್ರವೀಣಕುಮಾರ ಮಾತ್ರ ಒಬ್ಬರನ್ನೊಬ್ಬರು ನೋಡಿದರು, ಮತ್ತೆ ಬೇರೆ ಬೇರೆ ಗಾಡಿ ಹತ್ತಿದರು.

ರವಿವಾರ ಹಾವೇರಿಯ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದೂ ಹಿಂದಿನ ಕುರ್ಚಿಗಳು ತುಂಬದ ಚಿಂತನ ಬಳಗಕ್ಕೆ ರಾಣೆಬೆನ್ನೂರಿನಿಂದ ಟೆಂಪೋ ಮಾಡಿಕೊಂಡು ಮಂದಿ ಬಂದಿದ್ದರು, ಬ್ಯಾಡಗಿಯ ಅಂಗಡಿಕಾರರು ಬಂದಿದ್ದರು. ಮೋಕ್ಷದ ತನಕ ಹೋಗಿ ತಿರುಗಿ ಬಂದ ಮನುಷ್ಯನನ್ನು ನೋಡುವ ಭಾಗ್ಯ ದಿನಾ ಸಿಗುತ್ತದೆಯೇ? ಬಾಗಿಲಲ್ಲೇ ಒಬ್ಬ ಮುದುಕ ಸಿದ್ದಲಿಂಗಪ್ಪನ ಕೈಹಿಡಿದು, "ಅಲ್ಲಿ ಜಾಗ ಹೆಂಗೈತ್ರಿ, ಥಂಡಿ ಭಾಳೇನು?" ಎಂದು ಕೇಳಿದ.

ಅಂಗಡಿಯಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಧರ್ಮದ ಹಾಡು ಹಚ್ಚಿದಾಗ ಸಭೆಯಲ್ಲಿ ಕರವಸ್ತ್ರಗಳು ಹೊರಬಂದವು. ಅರ್ಥದ ಹಾಡಿಗೆ, ಅಷ್ಟೊತ್ತಿಗೆ ತೂಕಡಿಸಲು ಹತ್ತಿದ್ದ ವ್ಯಾಪಾರಸ್ಥರೆಲ್ಲ ಎಚ್ಚರಾದರು. ಕಾಮದ ಹಾಡು ಬಂದಾಗ ಯಾರೂ ಕೆಮ್ಮಲಿಲ್ಲ. ಹಿರಿಯರು ಕಣ್ಣು ಮುಚ್ಚಿ ಚಿಂತನೆಗೆ ಇಳಿದರು. ಕುರ್ಚಿಯ ಕೆಳಗೆ ಅವರ ಹೆಬ್ಬೆರಳುಗಳು ಮಾತ್ರ ಚಿಂತನೆಯಲ್ಲಿ ಭಾಗವಹಿಸದೆ ತಾಳ ಹಾಕುತ್ತಿದ್ದವು. ಸಿದ್ದಲಿಂಗಪ್ಪ ನಡುನಡುವೆ ಏನೋ ವಿವರಣೆ ಹೇಳಿದ. ಅವನಿಗೂ ನೆನಪಿಲ್ಲ, ಕೇಳಿದವರಿಗೂ ನೆನಪಿಲ್ಲ.

ಆಮೇಲೆ ಟೇಪ್ ರೆಕಾರ್ಡರು ನಿಂತಿತು. ಸಭೆ ಮುಂದಕ್ಕೆ ಬಾಗಿತು. ಅಧ್ಯಕ್ಷರ ಕುರ್ಚಿಯಿಂದ ರುದ್ರಮುನಿಯವರು ಓರೆಗಣ್ಣಲ್ಲಿ ನೋಡಿದರು. ಸಿದ್ದಲಿಂಗಪ್ಪನ ತೊಡೆ ಎಷ್ಟು ಅಲುಗುತ್ತಿತ್ತೆಂದರೆ ಮೇಜಿನ ಮೇಲಿನ ನೀರಿನ ಗ್ಲಾಸು ನಡೆದುಕೊಂಡು ಅಂಚಿಗೆ ಬಂತು.

"ಮೋಕ್ಷದ ಹಾಡು ಸ್ಟಾಕಿಲ್ರಿ," ಎಂದ ಅವನು ಮೈಕಿನಲ್ಲಿ.

ಸಭೆಯಲ್ಲಿ ಗುಜುಗುಜು ಎದ್ದಿತು.

"ಖರೇ ಹೇಳ್ತೇನ್ರಿ. ಒಂದು ವಾರ ಬರೀ ಸಾಯೋರ ಹಾಡಽ ಕೇಳೇನಿ. ಎದಿಯಾಗ ಗುಂಡು ಹೊಕ್ಕಾವು, ರಗತ ಹರದೈತಿ, ಆದ್ರ ಒಬ್ಬನಾದ್ರೂ ಹೋಗ್ತೇನಿ ಅನ್ನವಲ್ಲ. ಮತ್ತ ಬರ್ತೇನಿ, ಏಳು ಸಲಾ ಬರ್ತೇನಿ ಅಂತಾನ. ಹಾಡು ಬರೆದಾವ್ರಿಗೂ ಹೋಗೂ ಮನಸ್ಸಿಲ್ಲ, ಹಾಡಿದಾವ್ರಿಗೂ ಇಲ್ಲ, ಕೇಳಾವ್ರಿಗೂ ಇಲ್ಲ. ನನಗೂ ಇಲ್ರಿ. ನಿನ್ನೆ ಹೊಳ್ಯಾಗ ನೀರು ಕುತಗಿಗೆ ಬಂದಾಗ ನನಗ ನೆನಪಾಗಿದ್ದು ದೇವರಲ್ಲ, ಮನ್ಯಾಗ ಉಳಿದಿದ್ದ ಹೋಳಿಗಿ."

"ಹಂಗಾರ ನಾಕನೇ ಪುರುಷಾರ್ಥದ ಗತಿ ಏನು?" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. "ಶಾಸ್ತ್ರ ಸುಳ್ಳೇನು? ಉತ್ತರ ಹೇಳ್ರಿ!"

ಸಿದ್ದಲಿಂಗಪ್ಪ ಅಂಚಿಗೆ ಬಂದಿದ್ದ ನೀರಿನ ಗ್ಲಾಸು ಹಿಡಿದುಕೊಂಡ. ಉತ್ತರ ಬಂದದ್ದು ಬಾಗಿಲ ಕಡೆಯಿಂದ. ನಿನ್ನೆಯಿಂದ ಮಾತುಬಿಟ್ಟಿದ್ದ ಸುಶೀಲವ್ವ ಎದ್ದು ನಿಂತಿದ್ದಳು.

"ಶಾಸ್ತ್ರ ಖರೇನಽ ಐತ್ರಿ. ನಮ್ಮ ಲಗ್ನದಾಗ ಅಯ್ಯನೋರು ಇವರ ಕಡಿಂದ ಹೇಳಿಸ್ಯಾರ. ಧರ್ಮೇಚ, ಅರ್ಥೇಚ, ಕಾಮೇಚ. ಈ ಮೂರರಾಗ ಹೇಂತೀನ ಬಿಟ್ಟು ನಡಿಯಂಗಿಲ್ಲ ಅಂತ ಮಾತ ಕೊಟ್ಟಾರ. ಅಲ್ಲಿಗೇ ನಿಲ್ಲಿಸ್ಯಾರ. ನಾಕನೇದು ಅಯ್ಯನೋರು ಹೇಳಲೂ ಇಲ್ಲ, ಇವರು ಕೇಳಲೂ ಇಲ್ಲ. ಈಗ ಒಬ್ಬರಽ ಹೋಗಿ ತಗೊಂಡು ಬರ್ತೇನಿ ಅಂದ್ರ ಅದು ಕರಾರಿನ್ಯಾಗ ಇಲ್ರಿ. ನಾ ಒಪ್ಪೂದಿಲ್ಲ."

ಹೆಣ್ಣುಮಕ್ಕಳು ಕೂತಿದ್ದ ಕಡೆ ಮೊದಲು ಒಂದು ಬಳೆಯ ಸಪ್ಪಳವಾಯಿತು, ಆಮೇಲೆ ಇಡೀ ಭವನ ನಗೆಯಲ್ಲಿ ಮುಳುಗಿತು. ಪ್ರಶ್ನೆ ಕೇಳಿದ ಹಿರಿಯರ ಹೆಂಡತಿ ಅವರ ಧೋತರದ ಚುಂಗು ಹಿಡಿದು ಜಗ್ಗಿ ಕೂಡಿಸಿದಳು.

ರುದ್ರಮುನಿಯವರು ಅಧ್ಯಕ್ಷ ಭಾಷಣಕ್ಕೆ ಎದ್ದಾಗ ಅವರ ವಿಭೂತಿ ಮತ್ತೆ ಬಿರಿದಿತ್ತು, ಆದರೆ ಈ ಸಲ ನಗುವಿನಿಂದ. ಶೀತವಾಗಿದ್ದ ದನಿಯಲ್ಲಿ ಹೇಳಿದರು: "ಮೋಕ್ಷದ ವಿಷಯ ಮುಂದಿನ ಸಭೆಗೆ ಇಟ್ಟೇವಿ. ಮುಂದಿನ ಸಭೆ ಯಾವಾಗ ಅಂತ ಇನ್ನೂ ಗೊತ್ತು ಮಾಡಿಲ್ಲ. ಮೊದಲಿನ ಮೂರು ಚಾಲೂ ಆಗಬೇಕಾದ್ರ ಲಗ್ನ ಆಗಬೇಕು. ಅದಕ್ಕ ನನ್ನ ಮಗ ಪ್ರವೀಣಕುಮಾರಂದು ಮತ್ತ ಇವರ ಮಗಳು ಸುಧಾರಾಣಿದು ವೈಶಾಖದಾಗ ಲಗ್ನ. ಎಲ್ಲಾರೂ ಬರಬೇಕು."

ಜಯವ್ವ ಈ ಸುದ್ದಿಯನ್ನು ಯಾರಿಗೆ ಮೊದಲು ಮುಟ್ಟಿಸಲಿ ಎಂದು ಸುತ್ತ ನೋಡಿದಳು. ಎಲ್ಲರೂ ಅಲ್ಲೇ ಇದ್ದರು. ಅವಳಿಗೆ ಬಹಳ ನಷ್ಟವಾಯಿತು.

ಮಂದಿ ಕರಗಿದ ಮೇಲೆ ಗಂಡ ಹೆಂಡತಿ ಭವನದ ಮೆಟ್ಟಿಲ ಮೇಲೆ ಫಕ್ಕೀರಸಾಬನ ಟ್ರ್ಯಾಕ್ಸಿಗೆ ಕಾಯುತ್ತ ನಿಂತರು. ಎದುರಿನ ಪಾನ್ ಅಂಗಡಿಯಲ್ಲಿ ಯಾವುದೋ ಹೊಸ ಹಾಡು ಬರುತ್ತಿತ್ತು. ಸುಶೀಲವ್ವ ಆ ಕಡೆ ನೋಡುತ್ತಲೇ ಮೆಲ್ಲಗೆ ಕೇಳಿದಳು.

"ಖರೇ ಹೇಳ್ರಿ. ಒಮ್ಮೆನೂ ಅನಿಸಿಲ್ಲೇನು, ಎಲ್ಲಾ ಬಿಟ್ಟು ಓಡಿ ಹೋಗಬೇಕಂತ?"

"ಅನಿಸೇತಿ."

ಅವಳು ಥಟ್ಟನೆ ತಿರುಗಿದಳು. "ಯಾವಾಗ?"

"ಈಗ. ಮೈಕಿನ ಮುಂದ ನಿಂತಾಗ."

"ಮತ್ತ್ಯಾಕ ಹೋಗಲಿಲ್ಲ?"

"ಹೆಂಗ ಹೋಗ್ಲಿ? ಬಾಗಲಕ್ಕ ಅಡ್ಡ ಕುರ್ಚಿ ಹಾಕ್ಕೊಂಡು ನೀನಽ ಕುಂತಿದ್ದಿಯಲ್ಲ," ಎಂದ ಸಿದ್ದಲಿಂಗಪ್ಪ.